‘ರದ್ದಾದ’, ‘ನಿಂತುಹೋದ’, ‘ಬಿಡುಗಡೆಯಾಗದ’: ಅಂಗಡಿ ಮುಟ್ಟದ ವಿಡಿಯೋ ಗೇಮ್‌ಗಳಿಗೆ ಯಾವ ಮಾತು?

ಮಾನ್ಯರೇ,

ಜಪಾನಿನ ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಯಂತ್ರಗಳಿಗಾಗಿ ಸಿದ್ಧವಾಗುತ್ತಿದ್ದು, ಕೊನೆಗೆ ಅಂಗಡಿಯನ್ನು ಮುಟ್ಟದ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ದೀರ್ಘ ಲೇಖನವನ್ನು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ‘ಕ್ಯಾನ್ಸಲ್ಡ್’, ‘ಅನ್‌ರಿಲೀಸ್ಡ್’ ಎಂಬ ಎರಡು ಮಾತುಗಳನ್ನು ಜೋಡಿಯಾಗಿ ಬಳಸುವುದು ರೂಢಿ. ನಾನು ಅವಕ್ಕೆ ‘ರದ್ದಾದ’, ‘ಬಿಡುಗಡೆಯಾಗದ’ ಎಂದು ಬರೆದುಕೊಂಡು ಹೊರಟೆ. ಆದರೆ ಒಂದೊಂದು ಗೇಮಿನ ಕಥೆಯನ್ನು ಬರೆಯುತ್ತ ಹೋದಂತೆ ಎರಡೂ ಪದಗಳು ಕೈಕೊಟ್ಟವು. ನನಗೆ ಕಂಡ ತೊಡಕುಗಳನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ.

ಮೊದಲನೆಯದು ‘ರದ್ದು’. ರೈಲು ರದ್ದಾಗುತ್ತದೆ, ಪರೀಕ್ಷೆ ರದ್ದಾಗುತ್ತದೆ, ಪರವಾನಗಿ ರದ್ದಾಗುತ್ತದೆ. ನಡೆಯಬೇಕಾದದ್ದು ಅಥವಾ ಜಾರಿಯಲ್ಲಿರುವುದು ರದ್ದಾಗುತ್ತದೆಯೇ ಹೊರತು, ಯಾರೋ ಕೂತು ಮಾಡಿದ ವಸ್ತು ರದ್ದಾಗುವುದಿಲ್ಲ. ‘ಗೇಮಿನ ಬಿಡುಗಡೆ ರದ್ದಾಯಿತು’ ಎಂದರೆ ಕಿವಿಗೆ ಸರಿಯಾಗಿ ಕೇಳುತ್ತದೆ. ‘ಗೇಮ್ ರದ್ದಾಯಿತು’ ಎಂದರೆ ಹಾಗೆ ಕೇಳುವುದಿಲ್ಲ. ‘ಗೇಮ್’ ಎಂಬುದನ್ನು ‘ಆಟ’ ಎಂದು ಬದಲಿಸಿದರೆ ತೊಡಕು ಹೆಚ್ಚುತ್ತದೆ. ‘ಆಟ ರದ್ದಾಯಿತು’ ಎಂದರೆ ಮಳೆಗೆ ನಿಂತ ಕ್ರಿಕೆಟ್ ನೆನಪಾಗುತ್ತದೆ; ಕರಾವಳಿಯ ಓದುಗರಿಗಂತೂ ಅಂದಿನ ಯಕ್ಷಗಾನ ಇಲ್ಲವೆಂದೇ ಅರ್ಥವಾಗುತ್ತದೆ. ಹೀಗಾಗಿ ಲೇಖನದುದ್ದಕ್ಕೂ ‘ಗೇಮ್’ ಎಂದೇ ಉಳಿಸಿಕೊಂಡಿದ್ದೇನೆ.

ಎರಡನೆಯದಾದ ‘ಬಿಡುಗಡೆಯಾಗದ’ ಎಂಬುದು ಇನ್ನೂ ಹೆಚ್ಚು ಯೋಚನೆಗೆ ಹಚ್ಚಿತು. ಇದು ನಿಷೇಧ ಕೃದಂತ. ‘ಆಗುವ’, ‘ಆದ’ ಎಂಬಲ್ಲಿ ಕಾಣುವ ಕಾಲಭೇದ ‘ಆಗದ’ ಎಂಬಲ್ಲಿ ಇಲ್ಲ. ಆಗ ಆಗಲಿಲ್ಲವೋ, ಇದುವರೆಗೆ ಆಗಿಲ್ಲವೋ, ಎಂದೂ ಆಗುವುದಿಲ್ಲವೋ ಎಂಬುದನ್ನು ಓದುಗರು ಸಂದರ್ಭದಿಂದ ಊಹಿಸಿಕೊಳ್ಳಬೇಕು. ಸಾಮಾನ್ಯವಾಗಿ ಇದರಿಂದ ಬಾಧೆಯಿಲ್ಲ. ಆದರೆ ‘ಸ್ಟಾರ್ ಫಾಕ್ಸ್ 2’ ಎಂಬ ಗೇಮಿನ ಕಥೆಯನ್ನು ನೋಡಿ. ಸೂಪರ್ ನಿಂಟೆಂಡೊ ಯಂತ್ರಕ್ಕಾಗಿ ನಿಂಟೆಂಡೊ ಮತ್ತು ಬ್ರಿಟನ್ನಿನ ಆರ್ಗೊನಾಟ್ ಸಂಸ್ಥೆಯವರು ಸೇರಿ ಮಾಡಿದ ಈ ಗೇಮ್ 1995ರ ಹೊತ್ತಿಗೆ ಪೂರ್ಣವಾಗಿತ್ತು. ಅಷ್ಟರಲ್ಲಿ ಸೆಗಾ ಸ್ಯಾಟರ್ನ್ ಮತ್ತು ಪ್ಲೇಸ್ಟೇಷನ್ ಎಂಬ ಎದುರಾಳಿ ಯಂತ್ರಗಳು ಜಪಾನಿನ ಮಾರುಕಟ್ಟೆಗೆ ಬಂದಿದ್ದವು. ನಿಂಟೆಂಡೊದ್ದೇ ಹೊಸ ಯಂತ್ರವಾದ ನಿಂಟೆಂಡೊ 64 ಸಿದ್ಧವಾಗುತ್ತಿತ್ತು. ಮೂರು ಆಯಾಮದ ಹೊಸ ಗೇಮ್‌ಗಳ ಎದುರು ಹಳೆಯ ಯಂತ್ರದ ಮೂರು ಆಯಾಮ ಮಂಕಾಗಿ ಕಾಣುತ್ತದೆಂಬ ಲೆಕ್ಕಾಚಾರದಲ್ಲಿ, ಮುಗಿದಿದ್ದ ಕೆಲಸವನ್ನು ಕಪಾಟಿಗೆ ಸೇರಿಸಿದರು. ಅದು ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ, ಹಳೆಯ ಯಂತ್ರದ ಪುಟ್ಟ ಮರುರೂಪದೊಳಗೆ ಅಡಕವಾಗಿದ್ದ 21 ಗೇಮ್‌ಗಳಲ್ಲಿ ಒಂದಾಗಿ. ಇಪ್ಪತ್ತೆರಡು ವರ್ಷ ‘ಬಿಡುಗಡೆಯಾಗದ’ ಎಂದು ಹೆಸರಾಗಿ ಆಮೇಲೆ ಬಿಡುಗಡೆಯಾದ ಇಂತಹ ಗೇಮನ್ನು ಆ ಪದ ಹಿಡಿಯಲಾರದು.

ಇಲ್ಲಿ ನನ್ನ ನೆರವಿಗೆ ಬಂದವು ನಮ್ಮ ಸಹಾಯಕ ಕ್ರಿಯಾಪದಗಳು. ‘ಬಿಡುಗಡೆಯಾಗದೆ ಉಳಿದ’ ಎಂದರೆ ವಸ್ತು ಇದೆ, ಎಲ್ಲೋ ಕಾದಿದೆ. ‘ಬಿಡುಗಡೆಯಾಗದೆ ಹೋದ’ ಎಂದರೆ ಬಾಗಿಲು ಮುಚ್ಚಿದೆ, ಜೊತೆಗೆ ಒಂದು ವಿಷಾದವೂ ಸೇರಿದೆ. ‘ಬಿಡುಗಡೆಯಾಗದೆ ಉಳಿದಿದ್ದ’ ಎಂದರೆ ಆ ಸ್ಥಿತಿ ಈಗ ಮುಗಿದಿದೆ. ಸ್ಟಾರ್ ಫಾಕ್ಸ್‌ಗೆ ಈ ಮೂರನೆಯದೇ ಸಲ್ಲುತ್ತದೆ. ‘ಇನ್ನೂ ಬಿಡುಗಡೆಯಾಗದ’ ಎಂಬುದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಮೂವತ್ತು ವರ್ಷ ಹಿಂದಿನ ಗೇಮಿನ ಬಗ್ಗೆ ‘ಇನ್ನೂ’ ಎಂದು ಬರೆದರೆ ಇಲ್ಲದ ನಿರೀಕ್ಷೆಯನ್ನು ಹುಟ್ಟಿಸಿದಂತಾಗುತ್ತದೆ.

ಅರ್ಧದಲ್ಲೇ ಬಿಟ್ಟವುಗಳ ಮಾತು ಬೇರೆ. ‘ಸಿಮ್‌ಸಿಟಿ’ ಸೂಪರ್ ನಿಂಟೆಂಡೊಗೆ 1991ರಲ್ಲಿ ಬಂತು. ಅದಕ್ಕೂ ಹಿಂದಿನ ಯಂತ್ರಕ್ಕೆ ಸಿದ್ಧವಾಗುತ್ತಿದ್ದ ಆವೃತ್ತಿಯನ್ನು ಅದೇ ವರ್ಷದ ಆರಂಭದಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದರು. ಅದು ಪೂರ್ತಿಯಾಗಲೇ ಇಲ್ಲ. ಇದಕ್ಕೆ ‘ಕೈಬಿಟ್ಟ ಗೇಮ್’ ಎಂದು ಬರೆದು, ಮರುದಿನ ಹೊಡೆದುಹಾಕಿದೆ. ‘ಕೈಬಿಟ್ಟ ಗೆಳೆಯ’ ಎಂದಾಗ ಕೈಬಿಟ್ಟವನು ಗೆಳೆಯನೇ. ‘ಕೈಬಿಟ್ಟ ಗೇಮ್’ ಎಂದಾಗ ಬಿಟ್ಟವರು ಯಾರು, ಬಿಡಿಸಿಕೊಂಡದ್ದು ಯಾವುದು ಎಂದು ಓದುಗರು ಒಂದು ಕ್ಷಣ ತಡವರಿಸುತ್ತಾರೆ. ‘ಕೈಬಿಡಲಾದ’ ಎಂಬುದು ಸರ್ಕಾರಿ ಸುತ್ತೋಲೆಯ ಧಾಟಿ. ಕೊನೆಗೆ ಸಿನಿಮಾದವರ ಮಾತಿಗೆ ಬಂದೆ: ಸೆಟ್ಟೇರಿ, ಅರ್ಧ ಚಿತ್ರೀಕರಣವಾಗಿ ‘ನಿಂತುಹೋದ’ ಚಿತ್ರ ಎನ್ನುತ್ತೇವಲ್ಲ, ಆ ‘ನಿಂತುಹೋದ’ ಇಲ್ಲಿ ಸಲೀಸಾಗಿ ಕೂರುತ್ತದೆ. ‘ನೆನೆಗುದಿಗೆ ಬಿದ್ದ’ ಎಂಬುದು ನನಗೆ ಬಹಳ ಇಷ್ಟವಾದ ನುಡಿಗಟ್ಟು. ಆದರೆ ಅದರಲ್ಲಿ ತೀರ್ಮಾನವೇ ಆಗಿಲ್ಲವೆಂಬ ಧ್ವನಿಯಿದೆ, ಇಲ್ಲಿ ತೀರ್ಮಾನವಾಗಿತ್ತು.

ಈ ಎರಡರಲ್ಲೂ ಸೇರದ ಒಂದು ಗೇಮ್ ‘ಮದರ್’. ಜಪಾನಿನಲ್ಲಿ 1989ರಲ್ಲೇ ಮಾರಾಟವಾದ ಇದರ ಇಂಗ್ಲಿಷ್ ಅನುವಾದ 1990ರಲ್ಲಿ ಮುಗಿದಿತ್ತು. ಅಮೆರಿಕದ ಅಂಗಡಿಗಳಿಗೆ ಅದು ಬರಲಿಲ್ಲ. 2015ರಲ್ಲಿ ‘ಅರ್ತ್‌ಬೌಂಡ್ ಬಿಗಿನಿಂಗ್ಸ್’ ಎಂಬ ಹೆಸರಿನಲ್ಲಿ ವೀ ಯು ಯಂತ್ರದ ಮೂಲಕ ಹೊರಬಂತು. ಗೇಮನ್ನೇ ‘ಬಿಡುಗಡೆಯಾಗದೆ ಉಳಿದಿದ್ದ’ ಎಂದರೆ ತಪ್ಪು ಮಾಹಿತಿ ಕೊಟ್ಟಂತಾಗುತ್ತದೆ. ಹೊರಬರದೆ ಉಳಿದದ್ದು ಅನುವಾದ ಮಾತ್ರ ಎಂದು ಬಿಡಿಸಿ ಬರೆದಿದ್ದೇನೆ. ಒಂದೇ ಪದಕ್ಕಾಗಿ ಇಲ್ಲಿ ಹಟ ಹಿಡಿಯುವುದು ಬೇಡವೆನಿಸಿತು.

ಇನ್ನು ‘ಪ್ರೊಟೊಟೈಪ್’. ಇಂತಹ ಗೇಮ್‌ಗಳು ಸಾಮಾನ್ಯವಾಗಿ ಬದುಕಿ ಉಳಿಯುವುದು ಪರೀಕ್ಷೆಗೆಂದು ಮಾಡಿದ ಒಂದೆರಡು ಕ್ಯಾಸೆಟ್‌ಗಳಲ್ಲಿ. (ಟಿ.ವಿ.ಗೆ ಜೋಡಿಸುವ ಗೇಮಿನ ಆ ತುಂಡಿಗೆ ನಮ್ಮೂರಿನಲ್ಲಿ ಎಲ್ಲರೂ ‘ಕ್ಯಾಸೆಟ್’ ಎನ್ನುತ್ತಿದ್ದೆವು. ಜಪಾನಿನಲ್ಲಿಯೂ ಅದಕ್ಕೆ ‘ಕಸೆಟ್ಟೊ’ ಎನ್ನುತ್ತಾರೆ. ಆದ್ದರಿಂದ ಆ ಪದವನ್ನು ತಿದ್ದಲು ನಾನು ಸಿದ್ಧನಿಲ್ಲ.) ಪತ್ರಿಕೆಗಳು ಬಳಸುವ ‘ಮೂಲಮಾದರಿ’ ವಾಹನಕ್ಕೆ, ಯಂತ್ರಕ್ಕೆ ಒಪ್ಪುತ್ತದೆ, ಅದನ್ನು ನೋಡಿ ಉಳಿದವನ್ನು ತಯಾರಿಸುತ್ತಾರೆ. 2017ರಲ್ಲಿ ಬೆಳಕಿಗೆ ಬಂದು, 2018ರ ಕೊನೆಯಲ್ಲಿ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಜಗತ್ತಿನ ಮುಂದಿಟ್ಟ ಸಿಮ್‌ಸಿಟಿಯ ಕ್ಯಾಸೆಟ್ಟು ಯಾವುದಕ್ಕೂ ಮೂಲವಲ್ಲ, ಮಾದರಿಯೂ ಅಲ್ಲ. ಅದು ಕೆಲಸದ ನಡುವೆ ತೆಗೆದಿಟ್ಟ, ತಪ್ಪುಗಳಿರುವ ಒಂದು ಪ್ರತಿ. ಅದಕ್ಕೆ ‘ಕರಡು ಪ್ರತಿ’ ಎಂದಿದ್ದೇನೆ. ಹೆಚ್ಚುಕಡಿಮೆ ಪೂರ್ಣವಾಗಿದ್ದ ‘ಮದರ್’ನ ಇಂಗ್ಲಿಷ್ ಕ್ಯಾಸೆಟ್ಟಿಗೆ ಮುದ್ರಣಾಲಯದ ‘ಕರಡಚ್ಚು’ ಹತ್ತಿರವೆಂದು ತೋರುತ್ತದೆ. ಅಚ್ಚಿನ ಮೊಳೆಯ ಕಾಲದ ಈ ಪದವನ್ನು ಸಿಲಿಕಾನಿನ ವಸ್ತುವಿಗೆ ಹಚ್ಚಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯದು, ಸಿನಿಮಾ ರಂಗದ ಮಾತನ್ನು ಹತ್ತಿರದಿಂದ ಕೇಳಿದವರಿಗೆ. ಪೂರ್ತಿ ಚಿತ್ರೀಕರಣವಾಗಿಯೂ ತೆರೆ ಕಾಣದ ಚಿತ್ರವನ್ನು ಅವರು ‘ನಿಂತುಹೋದ’ ಎನ್ನುತ್ತಾರೆಯೇ, ಅಥವಾ ಆ ಮಾತು ಅರ್ಧಕ್ಕೆ ಬಿಟ್ಟದ್ದಕ್ಕೆ ಮಾತ್ರ ಮೀಸಲೇ? ಮೀಸಲೆಂದಾದರೆ, ಮುಗಿದೂ ಹೊರಬರದ್ದಕ್ಕೆ ಅವರ ಬಾಯಲ್ಲಿ ಬೇರೆ ಪದವಿರಲೇಬೇಕು. ಸ್ಟಾರ್ ಫಾಕ್ಸ್‌ಗೆ ನಾನು ಹುಡುಕುತ್ತಿರುವುದು ಆ ಪದವನ್ನೇ.