ಯುದ್ಧ ಬೇಡ ಅಂತ ಬರೆದ ಕಾಮಿಕ್ಸ್‌ಗೆ ಯುದ್ಧದ ಚೆಂದವೇ ಬಂದುಬಿಟ್ಟಿದೆ, ಏನು ಮಾಡಲಿ?

ಹಾಸನದ ಗೆರೆಗಾರ

ಎಲ್ಲರಿಗೂ ನಮಸ್ಕಾರ. ಹಾಸನದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಏಳು ವರ್ಷದಿಂದ ಡಿಸೈನ್ ಮಾಡ್ತಿದ್ದೀನಿ. ಹುಟ್ಟುಹಬ್ಬ, ಜಾತ್ರೆ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲಾ. ರಾತ್ರಿ ಊಟ ಆದ ಮೇಲೆ ಪೆನ್ ಟ್ಯಾಬ್ಲೆಟ್ ಇಟ್ಕೊಂಡು ಕ್ರಿಟಾ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ನನ್ನದೇ ಕಾಮಿಕ್ಸ್ ಬರೀತೀನಿ.

ಹೋದ ತಿಂಗಳು ಆರು ಪ್ಯಾನೆಲ್‌ನ ಕಥೆಯೊಂದನ್ನ ಮುಗಿಸಿದೆ. ಒಂದು ಊರು, ಸಂತೆ ದಿನ, ಮೇಲಿಂದ ಬಾಂಬು. ಯಾವ ದೇಶ ಅಂತ ಹೇಳಿಲ್ಲ. ಫೋನಲ್ಲಿ ದಿನಾ ನೋಡೋ ಕುಸಿದ ಮನೆಗಳು ತಲೇಲಿ ಕೂತು ನಿದ್ದೆ ಹತ್ತುತ್ತಿರಲಿಲ್ಲ, ಅದಕ್ಕೇ ಬರೆದದ್ದು. ನಾಲ್ಕನೇ ಪ್ಯಾನೆಲ್ ಒಂದಕ್ಕೇ ಮೂರು ರಾತ್ರಿ ಹಿಡೀತು. ಕಿತ್ತಳೆ, ಹಳದಿ, ಸುತ್ತ ಕಡುನೀಲಿ ಹೊಗೆ, ನಡುವೆ ದಪ್ಪಕ್ಷರದಲ್ಲಿ ‘ಢಮಾರ್’. ಹಾಕಿದ ಕೂಡಲೇ ಗೆಳೆಯರೆಲ್ಲ ‘ಬೆಂಕಿ ಗುರು’, ‘ಆ ಬ್ಲಾಸ್ಟ್ ವಾಲ್‌ಪೇಪರ್ ಮಾಡಿ ಕಳ್ಸು’ ಅಂದ್ರು. ಐದನೇ ಪ್ಯಾನೆಲ್‌ನಲ್ಲಿ ಒಬ್ಬಳು ಅಜ್ಜಿ ಮಣ್ಣಲ್ಲಿ ಬಿದ್ದ ಸೊಪ್ಪಿನ ಕಟ್ಟು ಎತ್ತಿಕೊಳ್ತಾ ಇದ್ದಾಳೆ. ಅವಳ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಅವರದ್ದು ತಪ್ಪಲ್ಲ. ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಮುಖದ ಹಿಂದೆ ಚಿನ್ನದ ಕಿರಣ ಹಾಕಿ ಹಾಕಿ ಪಳಗಿದ ಕೈ ಇದು, ಏನು ಬರೆದರೂ ಮೆರೆಸಿಬಿಡುತ್ತೆ. ದುದ್ದದ ಹತ್ತಿರ ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿದೆ. ನಾನು ಓದಿದ ಮೊದಲ ಕಾಮಿಕ್ಸ್ ಅದೇ ಅನ್ನಬೇಕು. ಕೆಳಗಿನಿಂದ ಮೇಲಕ್ಕೆ ಮೂರು ಪಟ್ಟಿ: ಕಾದಾಟ, ಸತ್ತವನನ್ನ ಅಪ್ಸರೆಯರು ಹೊತ್ತೊಯ್ಯೋದು, ಮೇಲೆ ಲಿಂಗದ ಮುಂದೆ ಅವನು ಕೂತಿರೋದು. ಅಲ್ಲೂ ಸಾವು ಮೆರವಣಿಗೇನೇ. ಹಾಗಾದ್ರೆ ಯುದ್ಧವನ್ನ ಅದರ ಚೆಂದ ಹತ್ತಿರ ಬರದ ಹಾಗೆ ಬರೆಯೋದು ಹೇಗೆ?

ಚನ್ನರಾಯಪಟ್ಟಣದ ಮೇಷ್ಟ್ರು

ನಿಮ್ಮ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲೇ ಒಂದು ಉತ್ತರ ನಿಂತಿದೆ, 58 ಅಡಿ ಎತ್ತರಕ್ಕೆ.

ಭರತ ಮತ್ತು ಬಾಹುಬಲಿಯ ಸೇನೆಗಳು ಎದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಜನ ಸಾಯುವುದು ಬೇಡ, ನೀವಿಬ್ಬರೇ ಸೆಣಸಿ ಎಂದವರು ಮಂತ್ರಿಗಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ತಮ್ಮನೇ ಗೆದ್ದ. ಗೆದ್ದು, ರಾಜ್ಯವನ್ನು ಅಣ್ಣನಿಗೇ ಬಿಟ್ಟು ನಡೆದ. ಆ ಮಲ್ಲಯುದ್ಧವನ್ನು ಕೆತ್ತಿದ್ದರೆ ಎಂಥ ದೃಶ್ಯವಾಗುತ್ತಿತ್ತು ಯೋಚಿಸಿ. ಶ್ರವಣಬೆಳಗೊಳದ ಶಿಲ್ಪಿ ಅದನ್ನು ಮುಟ್ಟಲಿಲ್ಲ. ಕಾಲ ಬಳಿ ಹುತ್ತ, ತೊಡೆಗೂ ತೋಳಿಗೂ ಹಬ್ಬಿದ ಬಳ್ಳಿ, ಇಷ್ಟೇ. ಯುದ್ಧ ಮುಗಿದು ಎಷ್ಟು ಕಾಲವಾಯಿತೆಂದು ಬಳ್ಳಿಯೇ ಹೇಳುತ್ತದೆ. 981ರ ಸುಮಾರಿಗೆ ಅದನ್ನು ಮಾಡಿಸಿದ ಚಾವುಂಡರಾಯ ಸ್ವತಃ ದಂಡನಾಯಕ, ರಣ ಕಂಡವನು.

ಇನ್ನೊಂದು, ರನ್ನನ ಗದಾಯುದ್ಧ. ದುರ್ಯೋಧನ ಸಂಜಯನ ಜೊತೆ ಹೆಣಗಳ ನಡುವೆ ಭೀಷ್ಮರ ಬಳಿಗೆ ನಡೆಯುವ ಭಾಗ. ದಾರಿಯಲ್ಲಿ ಮಗ ಲಕ್ಷಣಕುಮಾರನ ಹೆಣ ಸಿಗುತ್ತದೆ. ಅಪ್ಪನಿಗೆ ಮಗ ತರ್ಪಣ ಬಿಡುವುದು ಲೋಕದ ಕ್ರಮ, ಈಗ ಮಗನಿಗೆ ಅಪ್ಪ ಬಿಡುವಂತಾಯಿತೇ ಎಂದು ಅಳುತ್ತಾನೆ. ಮೂವತ್ತು ವರ್ಷ ಆ ಪದ್ಯ ಪಾಠ ಮಾಡಿದ್ದೇನೆ. ಯಾವ ವರ್ಷವೂ ಗಂಟಲು ಕಟ್ಟದೆ ಮುಗಿಸಿಲ್ಲ. ನಿಮ್ಮ ಅಜ್ಜಿಯನ್ನು ನಂಬಿ. ಸ್ಫೋಟವನ್ನು ತೆಗೆಯಿರಿ.

ಚಿಕ್ಕಮಗಳೂರಿನಿಂದ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವವಳು

ಮೇಷ್ಟ್ರ ಮಾತು ಅರ್ಧ ಒಪ್ತೀನಿ. ತೋರಿಸದೇ ಇರೋದೂ ಕೆಲವೊಮ್ಮೆ ಸುಳ್ಳಾಗುತ್ತೆ.

ಹಿರೋಷಿಮಾದ ಮೇಲೆ ಬಾಂಬ್ ಬಿದ್ದಾಗ ಕೇಜಿ ನಕಾಜಾವಾಗೆ ಆರು ವರ್ಷ. ಅಪ್ಪ, ಅಕ್ಕ, ತಮ್ಮ ಮೂವರೂ ಹೋದರು. 1966ರಲ್ಲಿ ತಾಯಿ ತೀರಿಕೊಂಡಾಗ, ದಹನದ ನಂತರ ಆಯ್ದುಕೊಳ್ಳೋಕೆ ಮೂಳೆ ಕೂಡ ಉಳಿದಿರಲಿಲ್ಲ, ಬರೀ ಬೂದಿ. ಆ ಸಿಟ್ಟಿನಲ್ಲೇ ಬಾಂಬಿನ ಬಗ್ಗೆ ಬರೆಯೋಕೆ ಶುರು ಮಾಡಿ, 1973ರಿಂದ ‘ಬರಿಗಾಲ ಗೆನ್’ ಅನ್ನೋ ಕಾಮಿಕ್ಸ್ ಬರೆದರು. ಅದರಲ್ಲಿ ಸುಲಿದು ನೇತಾಡೋ ಚರ್ಮ ಇದೆ, ಎಲ್ಲಾ ಇದೆ. ಅದನ್ನ ಯಾರೂ ವಾಲ್‌ಪೇಪರ್ ಮಾಡ್ಕೊಳಲ್ಲ. ಯಾಕಂದ್ರೆ ಆ ಬೆಂಕಿ ಯಾರ ಮೈ ಮೇಲೆ ಬಿತ್ತು ಅಂತ ನಮಗೆ ಗೊತ್ತಿರುತ್ತೆ, ಅವರ ಮನೆ ಗೋಧಿ ಗದ್ದೆ ಸಮೇತ.

ಇನ್ನೊಂದು ತುದಿ ನೋಡಿ. 1963ರಲ್ಲಿ ಅಮೆರಿಕದ ಚಿತ್ರಕಲಾವಿದ ರಾಯ್ ಲಿಖ್ಟೆನ್‌ಸ್ಟೈನ್ ಯುದ್ಧದ ಕಾಮಿಕ್ಸ್‌ನ ಒಂದೇ ಚೌಕವನ್ನ ಎತ್ತಿಕೊಂಡು ನಾಲ್ಕು ಮೀಟರ್ ಅಗಲಕ್ಕೆ ಹಿಗ್ಗಿಸಿದರು. ಉರಿಯೋ ವಿಮಾನ, ಹಳದಿ ಅಕ್ಷರ. ಕಥೆಯಿಂದ ಕಿತ್ತ ಸ್ಫೋಟ ಎಷ್ಟು ಮುದ್ದಾಗಿ ಕಾಣುತ್ತೆ ಅನ್ನೋದಕ್ಕೆ ಅದೇ ಸಾಕ್ಷಿ. ನಿಮ್ಮ ನಾಲ್ಕನೇ ಪ್ಯಾನೆಲ್‌ಗೆ ಆಗಿರೋದೂ ಇದೇ. ಅದರೊಳಗೆ ಒಬ್ಬ ಮನುಷ್ಯನೂ ಇಲ್ಲ.

ಕೈಗೆಲಸದ ಮಾತು ಹೇಳ್ತೀನಿ. ಬಣ್ಣವನ್ನೆಲ್ಲ ಸಂತೆಗೆ ಕೊಡಿ: ಟೊಮೇಟೊ, ಸೀರೆ ಅಂಚು, ಸೊಪ್ಪಿನ ಹಸಿರು. ಬಾಂಬು ಬಿದ್ದ ಮೇಲೆ ಬಣ್ಣದ ಲೇಯರ್ ಆಫ್ ಮಾಡಿ, ಬೂದಿ ಒಂದೇ ಇರಲಿ. ಫೋನಲ್ಲಿ ಉದ್ದಕ್ಕೆ ಸರಿಸಿ ಓದೋ ಕಥೆ ಆದ್ರೆ ಮೂರನೇ ಪ್ಯಾನೆಲ್ ಆದ ಮೇಲೆ ಮೂರು ಸಾವಿರ ಪಿಕ್ಸೆಲ್ ಖಾಲಿ ಬಿಡಿ. ಓದೋರ ಹೆಬ್ಬೆರಳು ಆ ಖಾಲಿಯನ್ನ ದಾಟಲೇಬೇಕಾಗುತ್ತೆ. ‘ಢಮಾರ್’ ಖಂಡಿತ ಬೇಡ. ಆ ಪದ ಕೇಳಿದ್ರೆ ದೀಪಾವಳಿ ನೆನಪಾಗುತ್ತೆ.

ಸಕಲೇಶಪುರ ಕಡೆಯವಳು

ನಾನು ಚಿತ್ರ ಬರೆಯೋಳಲ್ಲ. ನನ್ನ ಗಂಡ ಸೈನ್ಯದಲ್ಲಿದ್ದಾರೆ. ಯುದ್ಧ ಬೇಡ ಅನ್ನೋ ಚಿತ್ರಗಳಲ್ಲಿ ಸೈನಿಕ ಯಾವಾಗಲೂ ಮುಖ ಇಲ್ಲದ ಹೆಲ್ಮೆಟ್ ಆಗಿರ್ತಾನೆ, ಬೇಕು ಅನ್ನೋ ಚಿತ್ರಗಳಲ್ಲಿ ದೇವರಾಗಿರ್ತಾನೆ. ಎರಡರಲ್ಲೂ ನಮ್ಮನೆಯವರು ನನಗೆ ಸಿಕ್ಕಿಲ್ಲ.

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರುತ್ತಿದ್ದ ಆ ನಾಲ್ಕು ದಿನ ಅವರು ಆ ಕಡೆಯೇ ಇದ್ದರು. ನಮ್ಮನೇಲಿ ನೆಟ್‌ವರ್ಕ್ ಸಿಗೋದು ಅಡುಗೆಮನೆ ಕಿಟಕಿಯಲ್ಲಿ ಮಾತ್ರ. ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ಫೋನ್ ನಿಲ್ಲಿಸಿದ್ವಿ, ಮಕ್ಕಳೂ ಮುಟ್ಟೋ ಹಾಗಿರಲಿಲ್ಲ. ಹೊರಗೆ ಟಿವಿಯಲ್ಲಿ ಸೈರನ್ ಹಾಕಿ, ಕಂಪ್ಯೂಟರಿನಲ್ಲಿ ಬರೆದ ಬೆಂಕಿ ತೋರಿಸ್ತಿದ್ರು. ಎರಡನೇ ದಿನ ನಮ್ಮತ್ತೆ ಎದ್ದು ಹೋಗಿ ವೈರನ್ನೇ ಕಿತ್ತುಹಾಕಿದ್ರು. ಆಮೇಲೆ ಮನೇಲಿ ಕೇಳ್ತಿದ್ದದ್ದು ಗಡಿಯಾರದ ಸದ್ದು, ಮಳೆ ಸದ್ದು, ಅಷ್ಟೇ. ನನಗೆ ಯುದ್ಧ ಅಂದ್ರೆ ಇದು.

ಹಾಸನದ ಗೆರೆಗಾರ

ಮೂವರಿಗೂ ಕೈಮುಗೀತೀನಿ. ಭಾನುವಾರ ಊರಿಗೆ ಹೋಗಿ ಒಂದು ಚೊಂಬು ನೀರು ತಗೊಂಡು ವೀರಗಲ್ಲಿನ ಮುಂದೆ ಕೂತೆ. ಕಲ್ಲು ಒದ್ದೆ ಆದ್ರೆ ಗೆರೆ ಎದ್ದು ಕಾಣುತ್ತೆ. ಕೆಳಗಿನ ಪಟ್ಟಿಯಲ್ಲಿ ಕುದುರೆ ಕಾಲಡಿ ಒಬ್ಬ ಬಿದ್ದಿದ್ದಾನೆ, ನನ್ನ ಹೆಬ್ಬೆರಳಷ್ಟು ಉದ್ದ. ಮುಖ ಸವೆದುಹೋಗಿದೆ, ಒಂದು ಕೈ ತಲೆಗೆ ಅಡ್ಡ ಹಿಡಿದಿದ್ದಾನೆ. ಚಿಕ್ಕಂದಿನಿಂದ ಆ ಕಲ್ಲಿಗೆ ಒರಗಿ ಆಡಿದವನು ನಾನು, ಅವನನ್ನ ನೋಡಿದ್ದು ಮೊನ್ನೆಯೇ. ಅವನ ಹೆಸರಿಗೆ ಅಪ್ಸರೆಯೂ ಇಲ್ಲ, ಮೇಲಿನ ಪಟ್ಟಿಯೂ ಇಲ್ಲ.

ನಾಲ್ಕನೇ ಪ್ಯಾನೆಲ್ ಅಳಿಸಿದೆ. ಈಗ ಅಲ್ಲಿ ಖಾಲಿ, ಖಾಲಿ ಮುಗಿಯೋ ಕಡೆ ಒಂದು ತಕ್ಕಡಿ, ಅದರ ಒಂದು ತಟ್ಟೆ ಇನ್ನೂ ತೂಗಾಡ್ತಿದೆ. ಪಕ್ಕದಲ್ಲಿ ತಲೆಗೆ ಕೈ ಅಡ್ಡ ಹಿಡಿದ ಒಬ್ಬ. ಅದಾದ ಮೇಲೆ ಬೂದಿ ಬಣ್ಣದಲ್ಲಿ ಅಜ್ಜಿ.

ಸಕಲೇಶಪುರದ ಅಕ್ಕ, ನಿಮ್ಮ ಕಿಟಕಿಯನ್ನ ಏಳನೇ ಪ್ಯಾನೆಲ್ ಮಾಡಬಹುದಾ? ಯಾರ ಮನೆ ಅಂತ ಗೊತ್ತಾಗೋ ಹಾಗೆ ಏನೂ ಬರೆಯಲ್ಲ. ನೀವು ಬೇಡ ಅಂದ್ರೆ ಬಿಟ್ಟುಬಿಡ್ತೀನಿ.

ಸಕಲೇಶಪುರ ಕಡೆಯವಳು

ಬರೀರಿ. ಫೋನ್ ಸ್ಕ್ರೀನ್ ಕಪ್ಪಗಿರಲಿ. ಕಿಟಕಿ ಆಚೆ ಕಾಫಿ ಹೂ ಬರೆಯಬೇಡಿ, ಮೇನಲ್ಲಿ ಹೂ ಇರಲ್ಲ, ಹಸಿರು ಕಾಯಿ.