ನರ್ಸಿಂಗ್, ಪ್ಯಾರಾಮೆಡಿಕಲ್ ಓದು: ಆನ್‌ಲೈನ್ ಗುಂಪೊಂದರಲ್ಲಿ ಮಂಗಳೂರಿನ ನರ್ಸಿಂಗ್ ಬೋಧಕಿಯೊಂದಿಗೆ ಪ್ರಶ್ನೋತ್ತರ

ಪೋಷಕರು, ಮೂಡುಬಿದಿರೆ: ನಮಸ್ಕಾರ ಮೇಡಂ. ಮಗಳು ಪಿಯುಸಿಯಲ್ಲಿ ವಾಣಿಜ್ಯ ಓದಿದ್ದಾಳೆ. ಅವಳು ನರ್ಸಿಂಗ್ ಸೇರಬಹುದೇ?

ಬೋಧಕಿ: ನಮಸ್ಕಾರ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಲೇಬೇಕು. ಮೂರು ವರ್ಷದ ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ) ಡಿಪ್ಲೊಮಾಕ್ಕೆ ವಾಣಿಜ್ಯ ಓದಿದವರೂ ಸೇರಬಹುದು. ಆ ಬಳಿಕ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿದರೆ ಪದವಿಯೂ ದೊರೆಯುತ್ತದೆ.

ಪೋಷಕರು, ಕುಂದಾಪುರ: ಮಗನಿಗೆ ಆಪ್ಟೊಮೆಟ್ರಿಯಲ್ಲಿ (ದೃಷ್ಟಿ ಪರೀಕ್ಷೆಯ ಓದು) ಆಸಕ್ತಿಯಿದೆ. ಮುಂದೆ ಕೆಲಸದ ಅವಕಾಶ ಹೇಗಿದೆ?

ವಿದ್ಯಾರ್ಥಿನಿ, ಕಾಪು: ಮೇಡಂ, ನಾನು ಒಂದು ವರ್ಷದ ‘ನರ್ಸಿಂಗ್ ಡಿಪ್ಲೊಮಾ’ ಓದುತ್ತಾ ಒಂದು ನರ್ಸಿಂಗ್ ಹೋಮಿನಲ್ಲಿ ತರಬೇತಿಯಲ್ಲಿದ್ದೇನೆ. ಇದರಿಂದ ಜರ್ಮನಿಗೆ ಹೋಗಬಹುದೇ ಎಂದು ಕೇಳಬೇಕೆಂದಿದ್ದೆ. ಆದರೆ ನಿನ್ನೆ ಸಂಜೆ ಐದಕ್ಕೆ, ರೋಗಿಗೆ ಚುಚ್ಚಿದ ಸೂಜಿಗೆ ಮತ್ತೆ ಕ್ಯಾಪ್ ಹಾಕುವಾಗ ಅದು ನನ್ನ ಎಡ ತೋರುಬೆರಳಿಗೆ ಹೊಕ್ಕಿತು. ಗ್ಲೌಸಿನೊಳಗೆ ರಕ್ತ ಬಂದಿತ್ತು. ಇನ್‌ಚಾರ್ಜ್ ಸಿಸ್ಟರಿಗೆ ಹೇಳಲು ಹೆದರಿಕೆಯಾಗುತ್ತಿದೆ.

ಸದಸ್ಯರು, ಸುರತ್ಕಲ್: ಬೆರಳನ್ನು ಚೆನ್ನಾಗಿ ಹಿಂಡಿ ರಕ್ತ ತೆಗೆದು, ಅರಿಶಿನ ಮತ್ತು ಸುಣ್ಣ ಹಚ್ಚಿದರೆ ಸೋಂಕು ತಗಲುವುದಿಲ್ಲವೆಂಬ ಸಂದೇಶ ನನಗೆ ಬಂದಿತ್ತು.

ಬೋಧಕಿ: ಆ ಸಂದೇಶವನ್ನು ದಯವಿಟ್ಟು ಇಲ್ಲಿ ಹರಡಬೇಡಿ. ಸೂಜಿ ಚುಚ್ಚಿದ ಬೆರಳನ್ನು ಹಿಂಡಬಾರದು, ಬಾಯಿಗಿಡಬಾರದು. ಹರಿಯುವ ನೀರಿನಲ್ಲಿ ಸಾಬೂನು ಹಾಕಿ ತೊಳೆಯಬೇಕು. ಸುಣ್ಣ ಚರ್ಮವನ್ನು ಸುಡುತ್ತದೆ, ಅರಿಶಿನ ವೈರಾಣುವನ್ನು ತಡೆಯುವುದಿಲ್ಲ.

ಮಗಳೇ, ನೀನು ಇದನ್ನು ಓದಿದ ಕೂಡಲೇ ಉಡುಪಿಯ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎರಡು ಗಂಟೆಯೊಳಗೆ ಆರಂಭಿಸುವುದು ಉತ್ತಮ, 72 ಗಂಟೆ ದಾಟಿದರೆ ಅದರಿಂದ ಪ್ರಯೋಜನವಿಲ್ಲ. ನಿನಗೆ ಇನ್ನೂ ಸಮಯವಿದೆ, ಆದರೆ ಅದನ್ನು ಹೆದರಿಕೆಯಲ್ಲಿ ಕಳೆಯಬೇಡ. ಬೇಕೆಂದು ವೈದ್ಯರು ನಿರ್ಧರಿಸಿದರೆ 28 ದಿನ ಬಿಡದೆ ನುಂಗಬೇಕು. ರೋಗಿಗೆ ಎಚ್‌ಐವಿ ಇದ್ದರೂ ಇಂಥ ಒಂದು ಚುಚ್ಚಿನಿಂದ ಅದು ತಗಲುವ ಸಂಭವ ಸಾವಿರಕ್ಕೆ ಸುಮಾರು ಮೂರು. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ ರಕ್ತದಿಂದ ಹರಡಿ ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಬಿ ಬಗ್ಗೆ. ಆರು ತಿಂಗಳಲ್ಲಿ ಕೊಡುವ ಮೂರು ಡೋಸ್ ಲಸಿಕೆಯನ್ನು ನಿನಗೆ ಹಾಕಿಸಿದ್ದರೇ? ವಾರ್ಡಿಗೆ ಕಳುಹಿಸುವ ಮೊದಲು ಅದನ್ನು ಹಾಕಿಸಬೇಕಿತ್ತು. ಬಳಸಿದ ಸೂಜಿಗೆ ಮರಳಿ ಕ್ಯಾಪ್ ಹಾಕಬಾರದೆಂಬುದು ನಾವು ಮೊದಲ ವರ್ಷದಲ್ಲೇ ಕಲಿಸುವ ಪಾಠ. ಅದನ್ನು ಕಲಿಸದೆ ನಿನ್ನ ಕೈಗೆ ಸಿರಿಂಜ್ ಕೊಟ್ಟವರದ್ದು ತಪ್ಪು, ನಿನ್ನದಲ್ಲ. ಘಟನೆಯನ್ನು ಬರಹದಲ್ಲಿ ಕೊಡು, ನಕಲು ನಿನ್ನ ಬಳಿಯಿರಲಿ.

ಜರ್ಮನಿಯ ಮಾತು: ಒಂದು ವರ್ಷದ ಆ ಪ್ರಮಾಣಪತ್ರದಿಂದ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲಿನಲ್ಲಿ ನರ್ಸ್ ಎಂದು ನೋಂದಣಿಯಾಗುವುದಿಲ್ಲ. ನೋಂದಣಿಯಿಲ್ಲದೆ ಇಲ್ಲಿಯೇ ನರ್ಸ್ ಅಲ್ಲ, ಅಲ್ಲಿ ಹೇಗೆ?

ಸದಸ್ಯರು, ಉಳ್ಳಾಲ: ಎಲ್ಲ ಸಣ್ಣ ಕೋರ್ಸುಗಳಿಗೂ ಹೆಸರಿಡಬೇಡಿ. ನನ್ನ ತಂಗಿ ಅಂಥದ್ದೇ ಕೋರ್ಸ್ ಮಾಡಿ ಮನೆ ನಡೆಸುತ್ತಿದ್ದಾಳೆ.

ಸದಸ್ಯರು, ಬ್ರಹ್ಮಾವರ: ನಡೆಸಲಿ, ಆದರೆ ಅವರ ಕೈಯ ಇಂಜೆಕ್ಷನ್ನಿನಿಂದ ರೋಗಿಗೆ ತೊಂದರೆಯಾದರೆ ಹೊಣೆ ಯಾರು? ನೀವೇ?

ಸದಸ್ಯರು, ಉಳ್ಳಾಲ: ದುಡ್ಡಿದ್ದವರಿಗೆ ಹೀಗೆ ಮಾತನಾಡುವುದು ಸುಲಭ. ಮೂರು ವರ್ಷದ ಶುಲ್ಕವನ್ನು ನೀವು ಕಟ್ಟುತ್ತೀರಾ?

ಸದಸ್ಯರು, ಬ್ರಹ್ಮಾವರ: ನನ್ನಪ್ಪ ಬೀಡಿ ಕಟ್ಟಿದವರು. ಸಾಲ ಮಾಡಿ ನನ್ನನ್ನು ಜಿಎನ್‌ಎಂ ಓದಿಸಿದರು. ದುಡ್ಡಿನ ಮಾತು ನನ್ನ ಬಳಿ ಬೇಡ.

ಬೋಧಕಿ: ಇಬ್ಬರೂ ನಿಲ್ಲಿಸಿ. ಆ ಹುಡುಗಿ ಹೊರಟಳೋ ಇಲ್ಲವೋ ಎಂಬುದನ್ನು ಯಾರೂ ಕೇಳುತ್ತಿಲ್ಲ.

ಸದಸ್ಯರು, ಪುತ್ತೂರು: ಕಾಮರ್ಸ್ ಓದಿದವರು ನರ್ಸಿಂಗ್ ಮಾಡಬಹುದೇ?

ಬೋಧಕಿ: ಮೊದಲ ಉತ್ತರವನ್ನು ಓದಿ.

ಸದಸ್ಯರು, ಸುರತ್ಕಲ್: ಬೇವಿನ ಕಷಾಯ ಕುಡಿದರೆ ಹೆಪಟೈಟಿಸ್ ಬರುವುದಿಲ್ಲವೆಂದು ಇನ್ನೊಂದು ಸಂದೇಶವಿದೆ.

ಬೋಧಕಿ: ಸುಳ್ಳು. ಇನ್ನೊಮ್ಮೆ ಹಾಕಿದರೆ ನಾನು ಈ ಗುಂಪಿನಲ್ಲಿ ಉತ್ತರಿಸುವುದಿಲ್ಲ.

ವಿದ್ಯಾರ್ಥಿನಿ, ಕಾಪು: ಮೇಡಂ, ಆಸ್ಪತ್ರೆಯಲ್ಲಿದ್ದೇನೆ. ರಕ್ತ ತೆಗೆದರು, ಮೊದಲ ಮಾತ್ರೆ ಕೊಟ್ಟರು. ಲಸಿಕೆ ಹಾಕಿಸಿರಲಿಲ್ಲ, ಅದನ್ನೂ ಹಾಕಿದರು. ಅಮ್ಮ ಜೊತೆಗಿದ್ದಾರೆ. ನಾಳೆ ಡ್ಯೂಟಿಗೆ ಹೋಗಲೇ?

ಬೋಧಕಿ: ಹೋಗಬೇಡ. ಪಿಯುಸಿ ಅಂಕಪಟ್ಟಿಯನ್ನು ನನಗೆ ಕಳುಹಿಸು. ವಿಜ್ಞಾನ ಓದಿದ್ದರೆ ಬಿ.ಎಸ್ಸಿ., ಇಲ್ಲದಿದ್ದರೆ ಜಿಎನ್‌ಎಂ ನೋಡೋಣ.

ಪೋಷಕರು, ಕುಂದಾಪುರ: ಆಪ್ಟೊಮೆಟ್ರಿಯ ಬಗ್ಗೆ ಬೆಳಿಗ್ಗೆಯೇ ಕೇಳಿದ್ದೆ ಮೇಡಂ.