ಪದ ಬೇಕು: ಕ್ರೈಸ್ತರ ‘ಪ್ರಾವಿಡೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಹುಬ್ಬಳ್ಳಿಯಿಂದ:
ಗೆಳೆಯರೇ, ತುರ್ತಾಗಿ ಒಂದು ಪದ ಬೇಕು. ಪ್ರೊಟೆಸ್ಟಂಟ್ ನಂಬಿಕೆ ಕಲಿಸುವ 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯ 27 ಮತ್ತು 28ನೇ ಪ್ರಶ್ನೆಗಳನ್ನು ನಮ್ಮ ಸಭೆಯ ಹುಡುಗ ಹುಡುಗಿಯರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ಪುಸ್ತಿಕೆ ನಾಳೆ ಸಂಜೆ ಪ್ರೆಸ್ಸಿಗೆ ಹೋಗಬೇಕು. ದೇವರ ಪ್ರಾವಿಡೆನ್ಸ್ ಅಂದರೇನು ಅನ್ನುವುದು 27ನೇ ಪ್ರಶ್ನೆ. ಮಳೆ, ಬರ, ಅನ್ನ, ನೀರು, ಆರೋಗ್ಯ, ಕಾಯಿಲೆ, ಸಿರಿತನ, ಬಡತನ ಯಾವುದೂ ಸುಮ್ನೆ ಬರುವುದಿಲ್ಲ, ಎಲ್ಲವೂ ತಂದೆಯ ಕೈಯಿಂದಲೇ ಬರುತ್ತದೆ ಅಂತ ಉತ್ತರ. ಅದನ್ನು ತಿಳಿದು ಏನು ಪ್ರಯೋಜನ ಅಂತ 28 ಕೇಳುತ್ತದೆ. ಕಷ್ಟದಲ್ಲಿ ತಾಳ್ಮೆ, ಸುಖದಲ್ಲಿ ಕೃತಜ್ಞತೆ, ಮುಂದಿನದರ ಬಗ್ಗೆ ಭರವಸೆ. ಇಷ್ಟಕ್ಕೂ ಹೊಂದುವ ತಲೆಬರಹ ಬೇಕು. ಹಿರಿಯರೊಬ್ಬರು ‘ದೈವಾಧೀನ ಬದುಕು’ ಅಂತ ಬರೆದುಕೊಟ್ಟಿದ್ದಾರೆ. ನಡೆಯುತ್ತದಾ?

ಮಂಗಳೂರಿನಿಂದ:
ನಡೆಯುವುದಿಲ್ಲ. ಪೇಪರಿನ ಶ್ರದ್ಧಾಂಜಲಿ ಪುಟ ತೆಗೆದು ನೋಡಿ. ದೈವಾಧೀನರಾದರು ಅಂದರೆ ತೀರಿಕೊಂಡರು. ಬರೀ ‘ದೈವ’ವೂ ಬೇಡ. ನಮ್ಮ ಕಡೆ ದೈವ ಅಂದರೆ ಪಂಜುರ್ಲಿ, ಜುಮಾದಿಯಂಥ ತುಳುನಾಡಿನ ಭೂತಗಳು. ಕೇರಳದ ಕ್ರೈಸ್ತರು ‘ದೈವಪರಿಪಾಲನ’ ಅನ್ನುತ್ತಾರೆ, ಮಲಯಾಳದಲ್ಲಿ ದೈವ ಅಂದರೆ ನೇರವಾಗಿ ದೇವರೇ. ಅದನ್ನು ಹಾಗೇ ಎತ್ತಿ ತರಬೇಡಿ. ‘ವಿಧಿ’ಯಂತೂ ಆಗಲೇ ಆಗದು. ವಿಧಿ ಯಾರ ಅಪ್ಪನೂ ಅಲ್ಲ.

ಮೈಸೂರಿನಿಂದ:
‘ದೇವರ ಕಾಪು’. ಅಚ್ಚಗನ್ನಡ, ‘ಕಾ’ ಎಂಬ ಧಾತುವಿನಿಂದ ಬಂದದ್ದು. ಪರಿಪಾಲನೆ, ಸಂಕಲ್ಪ, ಅನುಗ್ರಹ ಎಲ್ಲ ಸಂಸ್ಕೃತದ ಹೊರೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಧಾರವಾಡದಿಂದ:
ಇದೆ ಸರ್. ಕಾಪು ಅಂದರೆ ಕೇಡು ಹತ್ತಿರ ಬರದಂತೆ ತಡೆಯುವುದು. ಈ ಉತ್ತರ ಬರವನ್ನೂ ಕಾಯಿಲೆಯನ್ನೂ ಅದೇ ಕೈಯ ಲೆಕ್ಕಕ್ಕೆ ಸೇರಿಸುತ್ತದೆ. ಮಗು ಜ್ವರದಲ್ಲಿ ಮಲಗಿದ ಮನೆಗೆ ಹೋಗಿ ‘ದೇವರ ಕಾಪು ನಿಮ್ಮ ಮೇಲಿದೆ’ ಅನ್ನಿ. ಹಾಗಾದರೆ ಜ್ವರ ಯಾಕೆ ಬಂತು ಅಂತ ತಾಯಿ ಕೇಳುತ್ತಾಳೆ. ಕೇಳಬೇಕಾದದ್ದೇ. ಕ್ರೈಸ್ತ ನಂಬಿಕೆ ಆ ಪ್ರಶ್ನೆಯಿಂದ ನುಣುಚಿಕೊಳ್ಳುವುದಿಲ್ಲ. ಜ್ವರದ ಹೊತ್ತಿನಲ್ಲೂ ಆ ಕೈ ಬಿಟ್ಟಿಲ್ಲ ಅನ್ನುತ್ತದೆ. ಅದಕ್ಕೆ ಹೊಂದುವ ಕ್ರಿಯಾಪದ ‘ಸಲಹು’. ಸಾಕಿ ಸಲಹಿದರು ಅಂದಾಗ ಉಣಿಸಿದ್ದು, ಗದರಿಸಿದ್ದು, ಕಹಿ ಔಷಧ ಕುಡಿಸಿದ್ದು ಎಲ್ಲ ಸೇರಿತು. ತಲ್ಲಣಿಸಬೇಡ ಎಂದು ಮನಸ್ಸಿಗೆ ಹೇಳುವಾಗ ಕನಕದಾಸರು ಹಿಡಿದ ಮಾತೂ ‘ಸಲಹು’ವೇ.

ಇನ್ನೊಂದು ಮಾತು. ಲ್ಯಾಟಿನ್ನಿನ ಮೂಲಪದದಲ್ಲಿ ಇರುವುದು ‘ಮುಂದೆ’ ಮತ್ತು ‘ನೋಡು’. ಬೈಬಲಿನ ಆದಿಕಾಂಡ 22ರಲ್ಲಿ ಇಸಾಕನು ಬಲಿಗೆ ಕುರಿ ಎಲ್ಲಿ ಅಂತ ತಂದೆ ಅಬ್ರಹಾಮನನ್ನು ಕೇಳುತ್ತಾನೆ. ದೇವರೇ ಒದಗಿಸುತ್ತಾನೆ ಅನ್ನುವ ಅಬ್ರಹಾಮನ ಉತ್ತರದಲ್ಲಿ ಬರುವ ಹೀಬ್ರೂ ಕ್ರಿಯಾಪದವೂ ‘ನೋಡು’. ಆ ಜಾಗಕ್ಕೆ ‘ಯೆಹೋವ ಯೀರೆ’ ಅನ್ನುವ ಹೆಸರು ಹುಟ್ಟಿದ್ದು ಅದರಿಂದಲೇ. ನಮ್ಮಲ್ಲಿ? ‘ದೇವರು ನೋಡಿಕೊಳ್ಳುತ್ತಾನೆ.’ ಯಾರೂ ಕಲಿಸದೇ ಕನ್ನಡ ಅದೇ ಜಾಗಕ್ಕೆ ಬಂದಿದೆ. ಹುಡುಗರಿಗೆ ಇದನ್ನೇ ಹೇಳಿ, ಅರ್ಥ ಬಿಡಿಸಿ ಹೇಳುವ ಕೆಲಸವೇ ಇಲ್ಲ. ಆದರೆ ಒಂದು ಎಚ್ಚರ. ‘ನಿನ್ನನ್ನು ದೇವರೇ ನೋಡ್ಕೋತಾನೆ’ ಅನ್ನುವುದು ಶಾಪವೂ ಹೌದು. ಅದಕ್ಕೇ ಪಕ್ಕದಲ್ಲಿ ‘ತಂದೆ’ ಅನ್ನುವ ಮಾತು ಇರಲೇಬೇಕು.

ಶಿವಮೊಗ್ಗದಿಂದ:
ಸಲಹು ಹಿಡಿಸಿತು. ನಾಮಪದ ಮಾಡಿ ‘ದೇವರ ಸಲಹೆ’ ಅನ್ನಬಹುದಲ್ವಾ?

ಮೈಸೂರಿನಿಂದ:
ಖಂಡಿತ ಬೇಡ. ‘ಸಲಹೆ’ ಅರಬ್ಬಿಯಿಂದ ಬಂದದ್ದು, ಅದಕ್ಕೂ ‘ಸಲಹು’ಗೂ ನಂಟೇ ಇಲ್ಲ. ಹೊರಗಿನ ಪದ ಒಳಗೆ ಬಿಟ್ಟರೆ ಹೀಗೇ ಆಗುವುದು. ನಮ್ಮ ಸಲಹು ಒಂದು ನಾಮಪದ ಮಾಡಿಕೊಳ್ಳಲೂ ಜಾಗವಿಲ್ಲದಂತೆ ಕೂತಿದೆ. ಕಾಪುವಿಗೆ ಈ ತೊಂದರೆ ಇಲ್ಲ.

ಮಂಗಳೂರಿನಿಂದ:
ಹೊರಗಿನದೆಲ್ಲ ಆಚೆ ಹಾಕುತ್ತೀರಾ? ಪಾದ್ರಿ, ಚರ್ಚಿಗೆ ನಾವನ್ನುವ ಇಗರ್ಜಿ ಎರಡೂ ಪೋರ್ಚುಗೀಸು. ಅವರು ಬರೆಯಲು ಕೂರುವ ಮೇಜೂ ಹೊರಗಿನ ಪದವೇ. ಕ್ರಿಸ್ತ ಗ್ರೀಕು. ಹೀಗೆ ಸೋಸುತ್ತಾ ಹೋದರೆ ಭಾನುವಾರ ಪ್ರಾರ್ಥನೆಗೆ ಬಾಯೇ ಬಾರದು. ಪದ ಎಲ್ಲಿಂದ ಬಂತು ಅನ್ನುವುದಕ್ಕಿಂತ ಕೂತವರ ಎದೆಗೆ ತಾಗಿತಾ ಅನ್ನುವುದು ಮುಖ್ಯ.

ಮೈಸೂರಿನಿಂದ:
ಮೇಜು ಬೇರೆ, ನಂಬಿಕೆಯ ಮಾತು ಬೇರೆ. ವಸ್ತು ಬಂದಾಗ ಹೆಸರೂ ಬರುತ್ತದೆ, ಸರಿ. ಸಲಹುವುದು ಹಡಗಿನಲ್ಲಿ ಬಂದದ್ದಲ್ಲ. ‘ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನಾ’ ಅನ್ನುವ ಗಾದೆ ಇರುವ ಭಾಷೆ ಇದು. ಇದ್ದದ್ದನ್ನು ಬಳಸಿ ಅನ್ನುವುದಷ್ಟೇ ನನ್ನ ಹಟ.

ಹುಬ್ಬಳ್ಳಿಯಿಂದ:
ಎಲ್ಲರಿಗೂ ಧನ್ಯವಾದ. ಪ್ರಶ್ನೋತ್ತರಿಯ ‘ತಂದೆಯ ಕೈ’ ಅನ್ನೇ ಹಿಡಿದೆ. ತಲೆಬರಹ ‘ಸಲಹುವ ತಂದೆಯ ಕೈ’. ಒಳಗೆ ಪ್ರಾವಿಡೆನ್ಸ್ ಬಂದ ಕಡೆಯಲ್ಲೆಲ್ಲ ‘ನಮ್ಮ ತಂದೆ ನಮ್ಮನ್ನು ನೋಡಿಕೊಳ್ಳುವುದು’ ಅಂತ ಕ್ರಿಯಾಪದದಲ್ಲೇ ಬಿಡಿಸಿ ಬರೆದಿದ್ದೇನೆ. ಸಾಲು ಉದ್ದವಾಯಿತು, ಪರವಾಗಿಲ್ಲ. ಗಾದೆಯನ್ನು 28ರ ಪಕ್ಕದಲ್ಲಿ ಹಾಕಿದ್ದೇನೆ. ಹಿರಿಯರಿಗೆ ಶ್ರದ್ಧಾಂಜಲಿ ಪುಟ ತೋರಿಸಿದೆ, ತಕ್ಷಣ ಒಪ್ಪಿದರು. ಪಾದ್ರಿ, ಮೇಜುಗಳ ಚರ್ಚೆ ಮುಂದುವರಿಸುವವರು ದಯವಿಟ್ಟು ಬೇರೆ ವಿಷಯಸಾಲಿನಲ್ಲಿ ಬರೆಯಿರಿ.